45 ಪೌಂಡಿನ ರಿಕರ್ವ್ ಬಿಲ್ಲಿಗೆ ಯಾವ ಬ್ರಾಡ್‌ಹೆಡ್? ಬೆಂಗಳೂರಲ್ಲಿ ತಯಾರಿ, ಕೊಲರಾಡೋದಲ್ಲಿ ಬೇಟೆ

ಜಯನಗರ_ಬಿಲ್ಲು:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಎರಡು ವರ್ಷ ಅಮೆರಿಕದ ಕೊಲರಾಡೋಗೆ ಹೋಗುವುದಿದೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಸೆಪ್ಟೆಂಬರ್‌ನ ಬಿಲ್ಲಿನ ಸೀಸನ್‌ನಲ್ಲಿ ಮ್ಯೂಲ್ ಡಿಯರ್ ಅನ್ನುವ ಜಿಂಕೆಗೆ, ಸಾಧ್ಯವಾದರೆ ಅದಕ್ಕಿಂತ ದೊಡ್ಡ ಜಾತಿಯ ಹೆಣ್ಣು ಎಲ್ಕ್‌ಗೆ ಪ್ರಯತ್ನಿಸುವ ಯೋಚನೆ. ಈಗ ಇಲ್ಲಿ ಫೋಮ್ ಟಾರ್ಗೆಟ್‌ಗೆ ಮಾತ್ರ ಹೊಡೆಯುತ್ತಿದ್ದೇನೆ.

ಬಿಲ್ಲು 60 ಇಂಚಿನ ಟೇಕ್‌ಡೌನ್ (ಬಿಚ್ಚಿ ಜೋಡಿಸುವ) ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), 28 ಇಂಚು ಎಳೆದಾಗ 45 ಪೌಂಡ್ ಅಂತ ಲಿಂಬ್ (ಬಿಲ್ಲಿನ ತೋಳು) ಮೇಲೆ ಬರೆದಿದೆ. ನಾನು ಎಳೆಯುವುದು 27 ಇಂಚು. ಶೆಲ್ಫ್ (ಹಿಡಿಯ ಮೇಲೆ ಬಾಣ ಕೂರುವ ಅಂಚು) ಮೇಲಿಂದಲೇ ಹೊಡೆಯುತ್ತೇನೆ, ಸೈಟ್ ಇಲ್ಲ, ಬಲಗೈ. ಬಾಣ ಕಾರ್ಬನ್, 500 ಸ್ಪೈನ್ (ಬಾಣದ ಬಿಗಿತದ ಸಂಖ್ಯೆ), 29 ಇಂಚು, ಮುಂದೆ 125 ಗ್ರೇನ್ (ಸುಮಾರು 8 ಗ್ರಾಂ) ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಅಭ್ಯಾಸದ ಮೊನೆ), ಹಿಂದೆ 4 ಇಂಚಿನ ಮೂರು ಗರಿ.

ಬ್ರಾಡ್‌ಹೆಡ್, ಅಂದರೆ ಬೇಟೆ ಬಾಣದ ತುದಿಗೆ ಹಾಕುವ ಹರಿತ ಅಲಗಿನ ತಲೆ, ಎರಡು ಅಲಗಿನದ್ದೋ ಮೂರು ಅಲಗಿನದ್ದೋ? ಸಿಂಗಲ್ ಬೆವೆಲ್ (ಒಂದೇ ಮುಖಕ್ಕೆ ಸಾಣೆ ಹಿಡಿದ ಅಲಗು) ಅಂತ ಎಲ್ಲರೂ ಹೇಳುತ್ತಾರೆ, ಅದರಿಂದ ನಿಜಕ್ಕೂ ಉಪಯೋಗ ಇದೆಯಾ? ತೂಕ ಎಷ್ಟಿರಬೇಕು? ಈಗಲೇ ಆನ್‌ಲೈನ್‌ನಲ್ಲಿ ತರಿಸಿ ಇಲ್ಲೇ ಅಭ್ಯಾಸ ಶುರು ಮಾಡಲಾ?


ಗರಿಬಾಣ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಬ್ರಾಡ್‌ಹೆಡ್ ಇಲ್ಲಿಗೆ ತರಿಸಲೇಬೇಡಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆ ಆಯುಧ ಅಂದರೆ ಏನು ಅಂತ ಹೇಳುವಾಗ ಬಿಲ್ಲು ಬಾಣವನ್ನು ಹೆಸರಿಟ್ಟೇ ಸೇರಿಸಿದೆ. ಬೇಟೆಗೆ ಪ್ರಯತ್ನಿಸಿದರೂ ಬೇಟೆ ಅಂತಲೇ ಲೆಕ್ಕ. ಕಾಡಂಚಿನ ದಾರಿಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಲ್ಲಿನ ಜೊತೆ ಹರಿತವಾದ ಬ್ರಾಡ್‌ಹೆಡ್ ಸಿಕ್ಕರೆ, ಅದು ಅಭ್ಯಾಸಕ್ಕೆ ಅಂತ ನಂಬಿಸುವುದು ಕಷ್ಟ. ಅದೂ ಅಲ್ಲದೆ ರೇಂಜ್‌ನ ಫೋಮ್ ಬ್ಲಾಕನ್ನು ಅಲಗು ಸೀಳಿಬಿಡುತ್ತದೆ. ನಾಲ್ಕು ಬಾಣಕ್ಕೇ ಮಧ್ಯದಲ್ಲಿ ತೂತು ಬಿದ್ದು, ಆಮೇಲೆ ಬರುವವರ ಬಾಣ ಹಿಂದಕ್ಕೆ ತೂರಿ ಹೋಗುತ್ತದೆ.

ಮನೆಯ ತಾರಸಿ ಮೇಲೆ ಹೊಡೆಯುವ ಯೋಚನೆಯನ್ನೂ ಬಿಟ್ಟುಬಿಡಿ. ಇದನ್ನು ಖಡಕ್ಕಾಗಿ ಹೇಳುತ್ತಿದ್ದೇನೆ. ಟಾರ್ಗೆಟ್ ತಪ್ಪಿದ ಬಾಣ ಈ ಬಿಲ್ಲಿನಿಂದ 150 ಮೀಟರ್‌ಗೂ ಆಚೆ ಹೋಗಿ ಬೀಳುತ್ತದೆ. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಅಷ್ಟು ದೂರದೊಳಗೆ ಮನುಷ್ಯರಿಲ್ಲದ ಜಾಗ ಇಲ್ಲ.

ಹಾಗಾದರೆ ಇಲ್ಲಿ ಏನು ಮಾಡಬಹುದು? ಮುಖ್ಯವಾದ ಕೆಲಸವೆಲ್ಲ ಇಲ್ಲೇ ಆಗುತ್ತದೆ. ಬ್ರಾಡ್‌ಹೆಡ್‌ನ ತೂಕ ಎಷ್ಟು ಅಂತ ಈಗಲೇ ನಿರ್ಧರಿಸಿ, ಅಷ್ಟೇ ತೂಕದ ಫೀಲ್ಡ್ ಪಾಯಿಂಟ್ ಹಾಕಿ ಬಾಣವನ್ನು ಪೂರ್ತಿ ಟ್ಯೂನ್ ಮಾಡಿಕೊಳ್ಳಿ. ತಲೆ ಬದಲಾಯಿಸುವುದು ಅಲ್ಲಿಗೆ ಹೋದ ಮೇಲೆ ಒಂದು ವಾರದ ಕೆಲಸ. ಬಾಣ ಸರಿಯಾಗಿ ಹಾರದಿದ್ದರೆ ಎಂಥ ದುಬಾರಿ ಬ್ರಾಡ್‌ಹೆಡ್ ಹಾಕಿದರೂ ದಂಡ. ಅಡ್ಡಡ್ಡ ಒಲೆದಾಡುತ್ತ ಬಂದು ಬಡಿಯುವ ಬಾಣದ ಶಕ್ತಿ ಶಾಫ್ಟ್ (ಬಾಣದ ಕಡ್ಡಿ) ಬಾಗುವುದರಲ್ಲೇ ಮುಗಿಯುತ್ತದೆ, ಒಳಕ್ಕೆ ಇಳಿಯುವುದಿಲ್ಲ.

ಅಲ್ಲಿನ ನಿಯಮ ಎರಡು ಮಾತಲ್ಲಿ: ಕೊಲರಾಡೋದಲ್ಲಿ ದೊಡ್ಡ ಪ್ರಾಣಿಗೆ ಬಿಲ್ಲು ಕನಿಷ್ಠ 35 ಪೌಂಡ್ ಇರಬೇಕು. ಬ್ರಾಡ್‌ಹೆಡ್ ಅಗಲ ಕನಿಷ್ಠ 7/8 ಇಂಚು, ಅಂದರೆ ಸುಮಾರು 22 ಮಿಲಿಮೀಟರ್, ಮತ್ತು ಕನಿಷ್ಠ ಎರಡು ಉಕ್ಕಿನ ಅಲಗು. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ. ಆರು ತಿಂಗಳು ವಾಸ ಆಗದಿದ್ದರೆ ಹೊರರಾಜ್ಯದವರ ಶುಲ್ಕ ಬೀಳುತ್ತದೆ, ಅದು ಬಹಳ ಜಾಸ್ತಿ. ಹೋದ ಕೂಡಲೇ ಆ ವರ್ಷದ ನಿಯಮ ಪುಸ್ತಕ ತೆಗೆದು ಓದಿ.


ಸಾಣೆಕಲ್ಲು:

ತಲೆಯ ಆಯ್ಕೆಗೆ ಬರೋಣ. ಮೊದಲು ನಿಮ್ಮ ಬಿಲ್ಲಿನ ನಿಜವಾದ ಶಕ್ತಿ ಎಷ್ಟು ಅಂತ ನೋಡಿ. 28ಕ್ಕೆ 45 ಇರುವ ಬಿಲ್ಲು 27 ಇಂಚಿಗೆ ಹೆಚ್ಚುಕಡಿಮೆ 43 ಪೌಂಡ್. ಅದರಿಂದ 450 ಗ್ರೇನ್ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ ಅಂತಿಟ್ಟುಕೊಂಡರೂ ಕೈಗೆ ಸಿಗುವುದು 29 ಫುಟ್‌ಪೌಂಡ್ ಶಕ್ತಿ. 70 ಪೌಂಡಿನ ಕಾಂಪೌಂಡ್ (ರಾಟೆ ಇರುವ) ಬಿಲ್ಲಿನಿಂದ 280 ಅಡಿ ವೇಗದಲ್ಲಿ ಹೋಗುವ 420 ಗ್ರೇನ್ ಬಾಣಕ್ಕೆ 73 ಬರುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಬಹುಪಾಲು ತಲೆಗಳು ಆ ಎರಡನೇ ಲೆಕ್ಕಕ್ಕೆ ಮಾಡಿದವು. ತಾಗಿದ ಮೇಲೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ತಲೆಗಳಿಗೆ ಬಿಚ್ಚಿಕೊಳ್ಳುವುದಕ್ಕೇ ಶಕ್ತಿ ಬೇಕು, ಬಿಚ್ಚಿದ ಮೇಲೆ ಅಗಲ ಜಾಸ್ತಿ ಆಗಿ ಇನ್ನಷ್ಟು ಬೇಕು. ನಿಮ್ಮ ಬಿಲ್ಲಿಗೆ ಅವು ಪೂರ್ತಿ ಹೊರಗೆ. ಮೊನೆ ಬೇರೆ, ಅಲಗು ಬೇರೆ ಇರುವ, ಮುಂದೆ ಗೂಟದಂಥ ತುದಿ ಇರುವ ತಲೆಗಳೂ ಬೇಡ. ಚರ್ಮವನ್ನು ಆ ತುದಿ ಮೊದಲು ಒತ್ತಿ ತೂರಬೇಕು, ಕೊಯ್ಯುವ ಕೆಲಸ ಆಮೇಲೆ ಶುರುವಾಗುತ್ತದೆ. ಅಲಗು ಮೊನೆಯಿಂದಲೇ ಶುರುವಾಗುವ ತಲೆ ತೆಗೆದುಕೊಳ್ಳಿ.

ಅದರಲ್ಲೂ ನನ್ನ ಸಲಹೆ ಎರಡು ಅಲಗು, 1⅛ ಇಂಚು ಅಗಲ, ಉದ್ದ ಅಗಲಕ್ಕಿಂತ ಎರಡರಿಂದ ಮೂರು ಪಟ್ಟು. ಉದ್ದವಾಗಿ ಸಪೂರಾಗಿ ಇದ್ದಷ್ಟೂ ಇಳಿಜಾರು ಕಡಿಮೆ, ಅದೇ ಬಲಕ್ಕೆ ಹೆಚ್ಚು ಆಳ ಹೋಗುತ್ತದೆ. ಝ್ವಿಕಿ, ಮ್ಯಾಗ್ನಸ್, ಗ್ರಿಜ್ಲಿ ಇಂಥ ಹೆಸರುಗಳಲ್ಲಿ ಹುಡುಕಿ.

ಸಿಂಗಲ್ ಬೆವೆಲ್ ವಿಷಯ. ಬೇಟೆ ಬಾಣಗಳನ್ನು ಪರೀಕ್ಷಿಸಿದ ಎಡ್ ಆಶ್ಬಿ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಶುರು ಮಾಡಿದ ಪರೀಕ್ಷೆಗಳಿಂದ ಈ ಮಾತು ಹಬ್ಬಿತು. ಅಲಗಿನ ಒಂದೇ ಮುಖಕ್ಕೆ ಸಾಣೆ ಹಿಡಿದಿರುವುದರಿಂದ ತಲೆ ಮಾಂಸದೊಳಗೂ ತಿರುಗುತ್ತ ಹೋಗುತ್ತದೆ, ಮೂಳೆಗೆ ಸಿಕ್ಕರೆ ಸೀಳಿ ಬಿರುಕು ಬಿಡಿಸುತ್ತದೆ. ಇದು ನಿಜ. ಆದರೆ ಎರಡು ಷರತ್ತು. ಒಂದು, ತಿರುಗುವ ದಿಕ್ಕು ಗರಿಯ ದಿಕ್ಕಿಗೆ ಹೊಂದಬೇಕು: ಹಕ್ಕಿಯ ಬಲ ರೆಕ್ಕೆಯಿಂದ ತೆಗೆದ ಗರಿಗೆ ಬಲ ಬೆವೆಲ್, ಎಡಕ್ಕೆ ಎಡ. ತಪ್ಪಿದರೆ ಗಾಳಿಯಲ್ಲಿ ಒಂದು ಕಡೆ ತಿರುಗಿದ ಬಾಣ ಒಳಗೆ ಹೋಗುವಾಗ ನಿಂತು ಹಿಂದಕ್ಕೆ ತಿರುಗಬೇಕು. ಎರಡು, ಭಾರ ಬೇಕು. ದಪ್ಪ ಮೂಳೆ ದಾಟಲು ಆಶ್ಬಿ ಹೇಳುವುದು 650 ಗ್ರೇನ್. ನಿಮ್ಮ 43 ಪೌಂಡಿಗೆ ಅದು ಪೌಂಡಿಗೆ 15 ಗ್ರೇನ್ ಆಯಿತು. ಬಾಣ ನಿಧಾನವಾಗಿ, ದೊಡ್ಡ ಕಮಾನಾಗಿ ಹಾರುತ್ತದೆ. 20 ಗಜ ಹೋಗುವಷ್ಟರಲ್ಲಿ 170 ಅಡಿ ವೇಗದ ಬಾಣ ಸುಮಾರು 24 ಇಂಚು ಬೀಳುತ್ತದೆ, 155ರದ್ದು 29, 140ರದ್ದು 35. ಸೈಟ್ ಇಲ್ಲದೆ, ಕಣ್ಣಂದಾಜಲ್ಲಿ ಹೊಡೆಯುವವರಿಗೆ ಕೊನೆಯದು ಕಷ್ಟ.

ಹಾಗಾಗಿ ನಡುದಾರಿ: ಒಟ್ಟು 500ರಿಂದ 530 ಗ್ರೇನ್. ಪೌಂಡಿಗೆ 12 ಅಂದುಕೊಳ್ಳಿ. ಭಾರವೆಲ್ಲ ಮುಂದೆ ಇರಲಿ. ತಲೆ 200, ಹಿತ್ತಾಳೆ ಇನ್ಸರ್ಟ್ (ಶಾಫ್ಟ್ ತುದಿಯೊಳಗೆ ಕೂರಿಸುವ, ತಲೆಯನ್ನು ತಿರುಪುವ ತುಂಡು) 50. ನಿಮ್ಮ ಈಗಿನ ಬಾಣ ಒಟ್ಟು 410ರ ಆಸುಪಾಸು ಇರಬೇಕು, ತೂಗಿ ನೋಡಿ. ಚಿಕ್ಕಪೇಟೆ ಕಡೆ ಚಿನ್ನ ತೂಗುವ ಪಾಕೆಟ್ ತಕ್ಕಡಿ ಸಿಗುತ್ತದೆ, ಬಹಳಷ್ಟರಲ್ಲಿ ಗ್ರೇನ್ ಯೂನಿಟ್ ಇರುತ್ತದೆ. ಇಲ್ಲದಿದ್ದರೆ 1 ಗ್ರಾಂಗೆ 15.43 ಗ್ರೇನ್ ಅಂತ ಗುಣಿಸಿ. 200 ಗ್ರೇನ್ ಅಂದರೆ 12.96 ಗ್ರಾಂ.

ಹೆಣ್ಣು ಎಲ್ಕ್ 200 ಕಿಲೋ ಮೀರುವ ಪ್ರಾಣಿ. 43 ಪೌಂಡ್ ಕಾನೂನಿಗೆ ಸಾಕು, ಆದರೆ ಹೆಗಲ ಮೂಳೆಗೆ ತಗುಲಿದರೆ ಅಲ್ಲೇ ನಿಲ್ಲುತ್ತದೆ. ಮೊದಲ ಸೀಸನ್ ಮ್ಯೂಲ್ ಡಿಯರ್‌ಗೇ ಇಟ್ಟುಕೊಳ್ಳಿ ಅಂತ ಮನಸ್ಸಿಟ್ಟು ಹೇಳುತ್ತೇನೆ.


ಮೂರಲಗು_ಮಲ್ಲೇಶ್ವರ:

ಸಾಣೆಕಲ್ಲು ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಮೂರು ಅಲಗನ್ನು ಅಷ್ಟು ಬೇಗ ಬಿಡಬೇಡಿ. 1⅛ ಇಂಚಿನ ಎರಡು ಅಲಗಿನ ತಲೆ ಕೊಯ್ಯುವುದು 1⅛ ಇಂಚಿನ ಒಂದು ಗೀರು. ಅದೇ ಅಗಲದ ಮೂರು ಅಲಗಿನದ್ದು 1 11/16 ಇಂಚು, ಅಂದರೆ ಒಂದೂವರೆ ಪಟ್ಟು. ಎರಡು ಅಲಗಿನ ಗೀರು ಒಮ್ಮೊಮ್ಮೆ ಬಾಯಿ ಮುಚ್ಚಿಕೊಂಡುಬಿಡುತ್ತದೆ. ಮೂರು ಮೂಲೆಯ ಗಾಯ ಮುಚ್ಚುವುದಿಲ್ಲ, ನೆಲದ ಮೇಲೆ ರಕ್ತದ ಜಾಡು ಚೆನ್ನಾಗಿ ಬೀಳುತ್ತದೆ. ಪ್ರಾಣಿ ಬಿದ್ದ ಜಾಗ ಹುಡುಕುವುದು ಹೊಡೆಯುವುದಕ್ಕಿಂತ ದೊಡ್ಡ ಕೆಲಸ. ಮ್ಯೂಲ್ ಡಿಯರ್‌ನ ಪಕ್ಕೆಲುಬು ದಾಟುವುದಕ್ಕೆ ಈ ಬಿಲ್ಲಿಗೆ ಉದ್ದನೆಯ ಮೂರು ಅಲಗಿನ ತಲೆ ಖಂಡಿತ ಆಗುತ್ತದೆ. ಎಲ್ಕ್‌ಗೆ ಮಾತ್ರ ಎರಡೇ ಅಲಗು.

ಇನ್ನೊಂದು ಅನುಕೂಲ ಸಾಣೆ. ವುಡ್ಸ್‌ಮನ್ ಥರದ ಒಂದೇ ತುಂಡಿನ ತಲೆಯನ್ನು ಎರಡು ಅಲಗು ಕಲ್ಲಿಗೆ ತಾಗುವಂತೆ ಮಲಗಿಸಿ ಉಜ್ಜಿದರೆ ಸಾಕು, ಕೋನ ತಾನಾಗಿ ಕೂರುತ್ತದೆ. ಹತ್ತು ಸಲ ಉಜ್ಜಿ ತಿರುಗಿಸಿ, ಮತ್ತೆ ಹತ್ತು, ಮತ್ತೆ ಹತ್ತು. ಹೊಸಬರ ಕೈಗೆ ಇದರಷ್ಟು ಸುಲಭ ಯಾವುದೂ ಇಲ್ಲ.


ಸಾಣೆಕಲ್ಲು:

ಸುಲಭ ಹೌದು, ಆದರೆ ಆ ಕೋನ ಎಷ್ಟು ಅಂತಲೂ ಹೇಳಬೇಕು. ಮೂರು ಅಲಗನ್ನು ಹಾಗೆ ಮಲಗಿಸಿದಾಗ ಪ್ರತಿ ಮುಖಕ್ಕೆ 30 ಡಿಗ್ರಿ, ಎರಡೂ ಸೇರಿ 60. ಎರಡು ಅಲಗಿನ ತಲೆಗೆ ಮುಖಕ್ಕೆ 20ರಿಂದ 25 ಹಿಡಿಯುತ್ತೇವೆ, ಒಟ್ಟು 40ರಿಂದ 50. ಸಿಂಗಲ್ ಬೆವೆಲ್‌ಗೆ ಒಂದೇ ಮುಖ, ಒಟ್ಟಿಗೆ 25ರಿಂದ 30. ತೆಳು ಕೋನ ಹೆಚ್ಚು ಹರಿತ, ದಪ್ಪ ಕೋನ ಹೆಚ್ಚು ಬಾಳಿಕೆ. ಜಾಡಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಜಿಂಕೆಗೆ ಮೂರು ಅಲಗು ಹಾಕುವವರನ್ನು ತಡೆಯುವುದಿಲ್ಲ.


ಜಯನಗರ_ಬಿಲ್ಲು:

ತುಂಬಾ ಥ್ಯಾಂಕ್ಸ್ ಸರ್. ಎರಡು ಅಲಗು, 200 ಗ್ರೇನ್ ಅಂತ ಇಟ್ಟುಕೊಳ್ಳುತ್ತೇನೆ. ಸಾಣೆ ಹಿಡಿಯುವ ಕ್ರಮ ಸ್ವಲ್ಪ ಬಿಡಿಸಿ ಹೇಳ್ತೀರಾ? ಅಡುಗೆಮನೆ ಚಾಕುವಿಗಿಂತ ಆಚೆ ಅಭ್ಯಾಸ ಇಲ್ಲ. ಹಾಗೆಯೇ 125ರಿಂದ 200ಕ್ಕೆ ಹೋದರೆ ಈಗಿನ 500 ಸ್ಪೈನ್ ನಡೆಯುತ್ತದಾ?


ಸಾಣೆಕಲ್ಲು:

ಚಾಕುವಿನಲ್ಲೇ ಕಲಿಯಿರಿ, ಕೈ ಅದೇ. ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಒಂದು ನಯವಾದ ಚಪ್ಪಟೆ ಅರ, 400 ಮತ್ತು 1000 ಗ್ರಿಟ್ ಇರುವ ಡೈಮಂಡ್ ಪ್ಲೇಟ್, ಹಸಿರು ಪಾಲಿಶ್ ಸೋಪು ತನ್ನಿ. ಹಳೆಯ ಲೆದರ್ ಬೆಲ್ಟ್ ಮನೆಯಲ್ಲೇ ಇರುತ್ತದೆ.

ಅಲಗಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿಯಿರಿ. ಎರಡು ಸಲ ಉಜ್ಜಿ ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಕೋನ ತೀರಾ ಮಲಗಿದೆ, ಅಂಚಿನಲ್ಲಿ ಮಾತ್ರ ಹೋಗಿದ್ದರೆ ತೀರಾ ಎತ್ತಿದ್ದೀರಿ. ಪೂರ್ತಿ ಹೋಗುವ ತನಕ ಕೈ ಹೊಂದಿಸಿಕೊಳ್ಳಿ. ಆಮೇಲೆ ಒಂದು ಮುಖವನ್ನೇ ಉಜ್ಜುತ್ತ ಹೋಗಿ, ಎದುರು ಮುಖದಲ್ಲಿ ಉಗುರಿಗೆ ತಡೆಯುವಂಥ ಸಣ್ಣ ಮುಳ್ಳು, ಅಂದರೆ ಬರ್, ಹಿಂದಿನಿಂದ ಮೊನೆಯ ತನಕ ಎಲ್ಲ ಕಡೆ ಏಳಬೇಕು. ಎಲ್ಲಿ ಏಳಲಿಲ್ಲವೋ ಅಲ್ಲಿ ಇನ್ನೂ ಹರಿತ ಬಂದಿಲ್ಲ ಅಂತಲೇ ಅರ್ಥ. ಬಹುತೇಕರು ಇಲ್ಲಿಗೆ ಮುಂಚೆಯೇ ನಿಲ್ಲಿಸಿ ಮುಂದಿನ ಕಲ್ಲಿಗೆ ಹೋಗುತ್ತಾರೆ, ಅದಕ್ಕೇ ತಲೆ ಮೊಂಡಾಗಿಯೇ ಉಳಿಯುತ್ತದೆ. ಬರ್ ಬಂದ ಮೇಲೆ ಇನ್ನೊಂದು ಮುಖ, ಅಷ್ಟೇ ಸಲ. ಒಂದು ಕಡೆ ಜಾಸ್ತಿ ಸವೆದರೆ ತಲೆ ವಾಲುತ್ತದೆ. ನಂತರ 1000 ಗ್ರಿಟ್‌ನಲ್ಲಿ ಹಗುರ ಕೈಯಿಂದ ಈ ಕಡೆ ಒಂದು, ಆ ಕಡೆ ಒಂದು. ಕೊನೆಗೆ ಸೋಪು ಹಚ್ಚಿದ ಬೆಲ್ಟ್ ಮೇಲೆ ಅಂಚನ್ನು ಹಿಂದೆ ಬಿಟ್ಟು ಎಳೆಯಿರಿ, ಎದುರು ನೂಕಿದರೆ ಚರ್ಮ ಕತ್ತರಿಸುತ್ತದೆ.

ಸಿಂಗಲ್ ಬೆವೆಲ್ ಆದರೆ ಚಪ್ಪಟೆ ಮುಖಕ್ಕೆ ಕೋನ ಕೊಡಲೇಬಾರದು. ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಬರ್ ತೆಗೆದರೆ ಮುಗಿಯಿತು.

ಅರ ಕಚ್ಚದೆ ಜಾರುತ್ತಿದ್ದರೆ ಆ ಉಕ್ಕು ಅರಕ್ಕೆ ಬಗ್ಗದಷ್ಟು ಗಡಸು ಅಂತ ಲೆಕ್ಕ. ಡೈಮಂಡ್ ಪ್ಲೇಟ್ ಮಾತ್ರ ಉಪಯೋಗಿಸಿ. ಝ್ವಿಕಿ ತಲೆಗಳು ಅರಕ್ಕೆ ಚೆನ್ನಾಗಿ ಬಗ್ಗುತ್ತವೆ, ಕಲಿಯುವವರಿಗೆ ಒಳ್ಳೆಯದು.

ಪರೀಕ್ಷೆಗೆ ಒಂದು ರಬ್ಬರ್ ಬ್ಯಾಂಡನ್ನು ಎರಡು ಮೊಳೆಗೆ ಸ್ವಲ್ಪ ಎಳೆದು ಕಟ್ಟಿ. ಅಲಗನ್ನು ಮೆಲ್ಲಗೆ ಸವರಿದಾಗ ತುಂಡಾಗಬೇಕು. ರಬ್ಬರ್ ಬಾಗಿ ಅಲಗಿನ ಪಕ್ಕಕ್ಕೆ ಜಾರಿದರೆ ಇನ್ನೂ ಸಾಲದು. ಒಳಗೆ ರಕ್ತನಾಳಗಳೂ ಹಾಗೇ, ಮೊಂಡು ಅಲಗು ಅವನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತದೆ. ಬ್ರಾಡ್‌ಹೆಡ್ ಕೊಲ್ಲುವುದು ರಕ್ತಸ್ರಾವದಿಂದ, ಗುದ್ದಿನಿಂದಲ್ಲ. ಹರಿತವಿಲ್ಲದ ತಲೆ ಹೊಡೆದು ಪ್ರಾಣಿಯನ್ನು ನರಳಿಸುವ ಹಕ್ಕು ಯಾರಿಗೂ ಇಲ್ಲ.

ಹರಿತ ಮಾಡಿದ ಮೇಲೆ ತೆಳುವಾಗಿ ವ್ಯಾಸಲಿನ್ ಸವರಿಡಿ. ಕಾರ್ಬನ್ ಸ್ಟೀಲ್ ಅಂಚಿಗೆ ಒಂದು ರಾತ್ರಿಯ ತೇವ ಸಾಕು ತುಕ್ಕು ಹಿಡಿಯಲು.


ಗರಿಬಾಣ:

ಸ್ಪೈನ್ ಪ್ರಶ್ನೆಗೆ ನಾನು ಹೇಳುತ್ತೇನೆ. 500 ನಡೆಯುವುದು ಅನುಮಾನ. ಕಾರ್ಬನ್ ಬಾಣದ 500 ಅಂದರೆ 28 ಇಂಚು ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ 1.94 ಪೌಂಡ್ ತೂಗಿಬಿಟ್ಟಾಗ 0.500 ಇಂಚು ಬಾಗುತ್ತದೆ ಅಂತ. ಸಂಖ್ಯೆ ಕಡಿಮೆ ಆದಷ್ಟೂ ಬಿಗಿ. ಮುಂದೆ ಭಾರ ಏರಿಸಿದರೆ ಬಾಣ ಹೊರಡುವಾಗ ಹೆಚ್ಚು ಬಾಗುತ್ತದೆ, ಉದ್ದ ಕತ್ತರಿಸಿದರೆ ಕಡಿಮೆ. ನೀವು ಮುಂದಿನ ಭಾರವನ್ನು ಹತ್ತಿರ ನೂರು ಗ್ರೇನ್ ಏರಿಸುತ್ತಿದ್ದೀರಿ. 400 ಸ್ಪೈನ್ ಶಾಫ್ಟ್ ಕತ್ತರಿಸದೆ ಪೂರ್ತಿ ಉದ್ದಕ್ಕೆ ತೆಗೆದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಡಿ, ಎರಡರಲ್ಲಿ ಮಾತ್ರ ಪ್ರಯೋಗ ಮಾಡಿ.

ಬೇರ್ ಶಾಫ್ಟ್ (ಗರಿಯಿಲ್ಲದ ಬಾಣದ) ಪರೀಕ್ಷೆ ಮಾಡಿ. ಗರಿ ಹಚ್ಚಿದ ಮೂರು ಬಾಣ, ಗರಿ ಇಲ್ಲದ್ದು ಒಂದು, ಎರಡಕ್ಕೂ ಅದೇ 200 ಗ್ರೇನ್ ಪಾಯಿಂಟ್, ಅದೇ ಇನ್ಸರ್ಟ್. 10 ಗಜದಿಂದ ಶುರು ಮಾಡಿ 20ಕ್ಕೆ ಹೋಗಿ. ಮೊದಲು ಎತ್ತರ ಸರಿ ಮಾಡಿ: ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗ) ಬಾಣ ಹೆದೆಗೆ ಚೌಕವಾಗಿ ನಿಲ್ಲುವ ಮಟ್ಟಕ್ಕಿಂತ ಅರ್ಧ ಇಂಚು ಮೇಲಿಟ್ಟು ಆರಂಭ. ಗರಿಯಿಲ್ಲದ್ದು ಕೆಳಗೆ ಬಿದ್ದು ಬಾಲ ಮೇಲೆದ್ದಿದ್ದರೆ ನಾಕಿಂಗ್ ಪಾಯಿಂಟ್ ಇಳಿಸಿ. ಆಮೇಲೆ ಅಡ್ಡ ನೋಡಿ. ಬಲಗೈಯವರಿಗೆ ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಶಾಫ್ಟ್ ಮೆತ್ತಗಾಯಿತು, ಎಡಕ್ಕೆ ಬಿದ್ದರೆ ಬಿಗಿಯಾಯಿತು. ಮೆತ್ತಗಿದ್ದರೆ ಕಾಲು ಇಂಚು ಕತ್ತರಿಸಿ ಮತ್ತೆ ಹೊಡೆಯಿರಿ. ಒಂದೇ ಸಲ ಒಂದು ಇಂಚು ಕತ್ತರಿಸಿದರೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ. ಎಷ್ಟೇ ಕತ್ತರಿಸಿದರೂ ಪೂರ್ತಿ ಎಳೆದಾಗ ಶಾಫ್ಟ್‌ನ ತುದಿ ಬಿಲ್ಲಿನ ನಡುವಿನ ಹಿಡಿ ಭಾಗವಾದ ರೈಸರ್‌ನಿಂದ ಕನಿಷ್ಠ ಒಂದು ಇಂಚು ಮುಂದೆ ಇರಲೇಬೇಕು. ಫೀಲ್ಡ್ ಪಾಯಿಂಟ್‌ನಲ್ಲಿ ಇದು ಲೆಕ್ಕಕ್ಕೆ ಬಾರದು, ಅದೇ ಜಾಗಕ್ಕೆ ಅಲಗು ಬಂದಾಗ ಬಿಲ್ಲು ಹಿಡಿದ ತೋರುಬೆರಳು ಅದರ ದಾರಿಯಲ್ಲೇ ಇರುತ್ತದೆ.

ಕತ್ತರಿಸಿದ ತುದಿಯನ್ನು ಚೌಕ ಮಾಡುವುದನ್ನು ಯಾರೂ ಹೇಳಿಕೊಡುವುದಿಲ್ಲ. ತುದಿಯ ಅಂಚಿಗೆ ಮಾರ್ಕರ್ ಹಚ್ಚಿ, ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದಕ್ಕೆ ಶಾಫ್ಟನ್ನು ನೆಟ್ಟಗೆ ಹಿಡಿದು ತಿರುಗಿಸಿ. ಬಣ್ಣ ಸುತ್ತಲೂ ಸಮನಾಗಿ ಹೋಗಬೇಕು. ಸೊಟ್ಟ ತುದಿಗೆ ಇನ್ಸರ್ಟ್ ಸೊಟ್ಟ ಕೂರುತ್ತದೆ, ಅದಕ್ಕೆ ಹಾಕಿದ ಬ್ರಾಡ್‌ಹೆಡ್ ಮುಂದಿನ ಚುಕ್ಕಾಣಿಯಾಗಿ ಬಾಣವನ್ನು ಎತ್ತಲೋ ಎಳೆಯುತ್ತದೆ. ಫೀಲ್ಡ್ ಪಾಯಿಂಟ್ ಈ ದೋಷವನ್ನು ಮುಚ್ಚಿಡುತ್ತದೆ. ಮೊನೆಯನ್ನು ಟೇಬಲ್ ಮೇಲೆ ಊರಿ ಬಾಣವನ್ನು ಬುಗುರಿಯಂತೆ ತಿರುಗಿಸಿ ನೋಡಿ, ತಲೆ ಶಾಫ್ಟ್‌ಗೆ ಸೇರುವ ಜಾಗ ಅಲುಗಿದಂತೆ ಕಂಡರೆ ಸರಿಯಿಲ್ಲ.

ಅಂಟಿಸುವ ಬಗೆಯ ತಲೆ ಕೊಂಡರೆ ಅದನ್ನು ಇನ್ಸರ್ಟ್‌ಗೆ ತಿರುಪಲು ನಡುವೆ ಸ್ಟೀಲ್ ಅಡಾಪ್ಟರ್ ಬೇಕಾಗುತ್ತದೆ. 125 ಗ್ರೇನ್ ತಲೆ, 75 ಗ್ರೇನ್ ಅಡಾಪ್ಟರ್ ಸೇರಿ 200. ಹಾಟ್ ಮೆಲ್ಟ್ (ಬಿಸಿಗೆ ಕರಗುವ ಅಂಟು) ಹಾಕಿ ಅಂಟಿಸುವಾಗ ಅಡಾಪ್ಟರನ್ನು ಬಾಣದಿಂದ ಬಿಚ್ಚಿಟ್ಟುಕೊಂಡು ಬಿಸಿ ಮಾಡಿ, ಆರಿದ ಮೇಲೆ ತಿರುಪಿ. ಕಾರ್ಬನ್ ಶಾಫ್ಟ್‌ಗೆ ಬೆಂಕಿ ತಾಗಿದರೆ ಒಳಗಿನ ರೆಸಿನ್ ಸುಟ್ಟು ಶಾಫ್ಟ್ ಸೀಳುತ್ತದೆ, ಹೊರಗೆ ಏನೂ ಕಾಣದಿರಬಹುದು.

ಬೆವೆಲ್ ಆಯಿತು, ಈ ತಿರುಪಿಗೂ ಗರಿಯ ದಿಕ್ಕಿನ ಸಂಬಂಧ ಇದೆ. ಬಲಕ್ಕೆ ಸುತ್ತಿಸಿದ ಗರಿಯ ಬಾಣ ಟಾರ್ಗೆಟ್‌ಗೆ ತಾಗಿದಾಗ ತುದಿ ನಿಂತು ಶಾಫ್ಟ್ ಇನ್ನೂ ತಿರುಗುತ್ತದೆ, ಅದು ಪಾಯಿಂಟನ್ನು ಬಿಗಿ ಮಾಡುವ ದಿಕ್ಕು. ಎಡಕ್ಕೆ ಸುತ್ತಿಸಿದ್ದರೆ ಸಡಿಲ ಮಾಡುತ್ತದೆ, ಪ್ರತಿ ಸುತ್ತಿನ ಮೇಲೆ ಬೆರಳಲ್ಲಿ ತಿರುಗಿಸಿ ನೋಡಿಕೊಳ್ಳಿ. ಫೋಮ್‌ನಿಂದ ಕೀಳುವಾಗಲೂ ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ತುದಿ) ಕಡೆಯಿಂದ ನೋಡಿದಂತೆ ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಎಳೆಯಿರಿ, ಇಲ್ಲದಿದ್ದರೆ ಶಾಫ್ಟ್ ಕೈಗೆ ಬಂದು ಪಾಯಿಂಟ್ ಒಳಗೇ ಉಳಿಯುತ್ತದೆ.


ಮೂರಲಗು_ಮಲ್ಲೇಶ್ವರ:

ಅಲ್ಲಿಗೆ ಹೋದ ಮೇಲಿನ ಒಂದು ವಾರಕ್ಕೆ ಸೇರಿಸುತ್ತೇನೆ. ಬ್ರಾಡ್‌ಹೆಡ್‌ಗೇ ಮಾಡಿದ ಟಾರ್ಗೆಟ್ ಕೊಳ್ಳಿ. ಮೂರು ತಲೆಗಳನ್ನು ಅಭ್ಯಾಸಕ್ಕೆ ಅಂತಲೇ ಗುರುತು ಹಾಕಿ ಬೇರೆ ಇಡಿ, ಒಮ್ಮೆ ಫೋಮ್ ಸೇರಿದ ತಲೆ ಮತ್ತೆ ಸಾಣೆ ಕಾಣದೆ ಕಾಡಿಗೆ ಹೋಗಬಾರದು. ಫೀಲ್ಡ್ ಪಾಯಿಂಟ್ ಗುಂಪಿನ ಬಲಕ್ಕೆ ಬ್ರಾಡ್‌ಹೆಡ್ ಗುಂಪು ಬಿದ್ದರೆ ಶಾಫ್ಟ್ ಇನ್ನೂ ಸ್ವಲ್ಪ ಮೆತ್ತಗಿದೆ, ಎಡಕ್ಕಾದರೆ ಬಿಗಿಯಾಗಿದೆ, ಕೆಳಕ್ಕಾದರೆ ನಾಕಿಂಗ್ ಪಾಯಿಂಟ್ ತೀರಾ ಮೇಲಿದೆ ಅಂತ. ಗರಿಬಾಣ ಅವರು ಹೇಳಿದ ಬೇರ್ ಶಾಫ್ಟ್ ಕೆಲಸ ಇಲ್ಲಿಂದಲೇ ಸರಿಯಾಗಿ ಮುಗಿಸಿಕೊಂಡು ಹೋದರೆ ಈ ಎರಡು ಗುಂಪು 20 ಗಜದಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಹೊಡೆಯುವ ದೂರವನ್ನೂ ಅದೇ ನಿರ್ಧರಿಸಲಿ. ಒಂದು ಊಟದ ತಟ್ಟೆಯಷ್ಟು ಜಾಗಕ್ಕೆ ಮೊದಲ ಬಾಣವೇ ಪ್ರತಿ ಸಲ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ಮಿತಿ. 15 ಗಜ ಅಂದರೆ 15. ಪ್ರಾಣಿ ಅಡ್ಡವಾಗಿ ನಿಂತಾಗ, ಅಥವಾ ಕೊಂಚ ಅತ್ತ ತಿರುಗಿ ನಿಂತಾಗ ಮಾತ್ರ, ಮುಂಗಾಲಿನ ಹಿಂಬದಿಗೆ, ಎರಡೂ ಶ್ವಾಸಕೋಶ ಸಿಗುವಂತೆ. ಎದುರು ಮುಖ ಮಾಡಿದ್ದರೆ ಹೆದೆ ಇಳಿಸಿ ಕಾಯಿರಿ.

ಬಾಣವನ್ನು ಇಲ್ಲಿಂದ ಒಯ್ಯುವುದಾದರೆ ಗಟ್ಟಿ ಟ್ಯೂಬ್‌ನಲ್ಲಿ ಚೆಕ್-ಇನ್ ಲಗೇಜ್‌ಗೆ ಹಾಕಿ, ಕ್ಯಾಬಿನ್‌ಗೆ ಬಿಡುವುದಿಲ್ಲ. ಗರಿ ಒಂದಕ್ಕೊಂದು ಒತ್ತಿಕೊಂಡು ಮಡಚಿಹೋಗಿದ್ದರೆ ಗಾಬರಿ ಬೇಡ, ಕುದಿಯುವ ನೀರಿನ ಹಬೆಯಲ್ಲಿ ಕೆಲವು ಸೆಕೆಂಡು ತಿರುಗಿಸಿದರೆ ಮತ್ತೆ ನೆಟ್ಟಗಾಗುತ್ತದೆ.